ಕೊಡೆಯವನ ಅಪ್ಪ ಆಡಿದ ಮಾತು

ಫೆಬ್ರವರಿ ೯

ಪ್ರೀತಿಯ ಮೊಂಡನಿಗೆ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರಲಿಲ್ಲವೆಂದು ಅಲ್ಲಿ ಹಲ್ಲು ಕಡಿಯುತ್ತಿರುತ್ತೀಯ, ಗೊತ್ತು. ಫೋನಿನಲ್ಲಾದರೆ ನಾನೊಬ್ಬಳೇ ಮಾತಾಡುತ್ತೇನೆ, ನೀನು ಬರೀ ಹೂಂಗುಟ್ಟುತ್ತೀಯ. ಅದಕ್ಕೆ ಕಾಗದವೇ ವಾಸಿ ಅಂದವನೂ ನೀನೇ, ಆದ್ದರಿಂದ ಕಾಯುವ ಶಿಕ್ಷೆಯೂ ನಿನ್ನದೇ. ಇಲ್ಲಿ ಅಪ್ಪ, ನಾನು ಇಬ್ಬರೂ ಚೆನ್ನಾಗಿದ್ದೇವೆ, ಅಂದರೆ ದಿನಕ್ಕೊಂದು ಜಗಳಕ್ಕೆ ಬೇಕಾದಷ್ಟು ಶಕ್ತಿ ಇಬ್ಬರಲ್ಲೂ ಇದೆ. ನಿನ್ನ ಗಡ್ಡದವನ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡ ಅಂತ ಅಕ್ಕ ಹೇಳಿದಳು ಅನ್ನು. ನಿನ್ನ ಮಾತು ಕೇಳದಿದ್ದರೂ ನನ್ನ ಮಾತು ಕೇಳುತ್ತಾನೆ.

ಈಗ ಸುದ್ದಿ. ನಮ್ಮ ನಿರ್ಮಾಪಕರು ಹೋದ ವಾರ ಆಫೀಸಿಗೆ ಕರೆಸಿ ಒಂದು ಕಾದಂಬರಿ ಕೈಗಿಟ್ಟರು. "ನನ್ನ ಮಗಳು ರೈಲಲ್ಲಿ ಇದನ್ನ ಓದ್ತಾ ಓದ್ತಾ ಇಳಿಯೋ ಸ್ಟೇಷನ್ನೇ ಬಿಟ್ಟುಬಿಟ್ಲು. ಸಿನಿಮಾ ಹಕ್ಕು ತಗೊಂಡಾಯ್ತು. ನೀವು ನಿಮ್ಮ ಸ್ಟೈಲಲ್ಲಿ ನಗಿಸೋ ಹಾಗೆ ಬರೀರಿ," ಅಂದರು. ಹಿಂದಿನ ರಟ್ಟಿನ ಮೇಲಿರುವ ನಾಲ್ಕು ಸಾಲು ಬಿಟ್ಟು ಅವರು ಬೇರೇನೂ ಓದಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಕಥೆ ಹೇಳುತ್ತೇನೆ ಕೇಳು. ಒಬ್ಬ ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿಯಲ್ಲಿ ಕೊಡೆ ರಿಪೇರಿ ಮಾಡುವವನು. ಇನ್ನೊಬ್ಬ ರೇಡಿಯೋದಲ್ಲಿ ಹವಾಮಾನ ಓದುವವನು. ರೇಡಿಯೋದವನು ದಿನವೂ "ನಾಳೆ ಬಿಸಿಲು" ಅನ್ನುತ್ತಾನೆ, ಹಾಗಾಗಿ ಕೊಡೆ ರಿಪೇರಿಗೆ ಕೊಟ್ಟವರು ಯಾರೂ ವಾಪಸು ತೆಗೆದುಕೊಂಡು ಹೋಗುವುದಿಲ್ಲ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕೊಡೆಗಳು. ಕೊನೆಗೆ ಕೊಡೆಯವನು ರೇಡಿಯೋ ಸ್ಟೇಷನ್ನಿಗೇ ಹೋಗಿ, "ವಾರಕ್ಕೊಂದು ದಿನವಾದ್ರೂ ಮಳೆ ಬರುತ್ತೆ ಅಂತ ಹೇಳ್ರೀ," ಎಂದು ಜಗಳಕ್ಕೆ ನಿಲ್ಲುತ್ತಾನೆ. ಅಲ್ಲಿಂದ ಶುರು. ಇಬ್ಬರೂ ಗಂಡಸರು. ಇಬ್ಬರಿಗೂ ಪ್ರೀತಿ. ಯಾರೂ ಸಾಯುವುದಿಲ್ಲ. ಕೊನೆಯ ಪುಟದಲ್ಲಿ ಒಂದೇ ಕೊಡೆಯ ಕೆಳಗೆ ನಿಂತು, ನೀನು ನೆನೀತಿದ್ದೀಯ, ಇಲ್ಲ ನೀನೇ ನೆನೀತಿದ್ದೀಯ ಎಂದು ಕಚ್ಚಾಡುತ್ತಿರುತ್ತಾರೆ. ನಿಮ್ಮಿಬ್ಬರನ್ನು ಯಾರೋ ಕಿಟಕಿಯಿಂದ ನೋಡಿ ಬರೆದ ಹಾಗಿದೆ.

ಎರಡನೇ ಮೀಟಿಂಗಿನಲ್ಲಿ ನಿರ್ಮಾಪಕರು ಗಂಟಲು ಸರಿಮಾಡಿಕೊಂಡರು. "ಮೇಡಂ, ಆ ಕೊಡೆಯವನನ್ನ ಹುಡುಗಿ ಮಾಡಿಬಿಟ್ರೆ? ಕೊಡೆ ರಿಪೇರಿ ಮಾಡೋ ಹುಡುಗಿ! ಯಾರೂ ಮಾಡಿಲ್ಲ."

"ಮಾಡಬಹುದು ಸರ್. ಆದ್ರೆ ಹುಡುಗ ಹುಡುಗಿ ಜಗಳ ಆಡಿ ಮದುವೆ ಆಗೋ ಕಥೆ ನನ್ನ ಹತ್ರ ಎಂಟು ಬಿದ್ದಿದೆ. ಪುಗಸಟ್ಟೆ ಕೊಡ್ತೀನಿ. ಈ ಪುಸ್ತಕದ ಹಕ್ಕು ಯಾಕೆ ಬೇಕಿತ್ತು?" ಅಂದೆ.

ಸ್ವಲ್ಪ ಹೊತ್ತು ಪೇಪರ್‌ವೆಯ್ಟ್ ತಿರುಗಿಸಿದರು. "ಸರಿ, ಗಂಡಸರೇ ಇರ್ಲಿ. ಆದ್ರೆ ಬರೀ ಸ್ನೇಹಿತರೇನೋ ಅನ್ನೋ ಹಾಗೂ ಇರ್ಲಿ. ನೋಡೋರು ಹೇಗೆ ಬೇಕೋ ಹಾಗೆ ಅಂದ್ಕೊಳ್ಳಲಿ." ಅಡ್ಡಗೋಡೆಯ ಮೇಲೆ ದೀಪ ಇಡುವುದು ಅಂದರೆ ಇದೇ. ಪ್ರೇಮದ ಕಾಮಿಡಿಯಲ್ಲಿ ಯಾರಿಗೆ ಯಾರ ಮೇಲೆ ಪ್ರೀತಿ ಅನ್ನುವುದೇ ಗೊತ್ತಾಗದಿದ್ದರೆ, ಥಿಯೇಟರಿನಲ್ಲಿ ಕೂತವನು ಯಾರ ಪರವಾಗಿ ಸೀಟಿನ ತುದಿಗೆ ಬರಬೇಕು? ಅದನ್ನೇ ಕೇಳಿದೆ. ಅವರು ವ್ಯಾಪಾರಸ್ಥರು, ಲಾಭದ ಮಾತು ಬೇಗ ಅರ್ಥವಾಗುತ್ತದೆ. ಒಪ್ಪಿದರು.

ಕಾದಂಬರಿ ಬರೆದವರನ್ನೂ ಭೇಟಿಯಾದೆ. ನಿವೃತ್ತ ಗಣಿತದ ಮೇಷ್ಟ್ರು, ಗಾಳಿ ಬಂದರೆ ಹಾರಿಹೋಗುವಷ್ಟು ಸಣಕಲು. ಸಕ್ಕರೆ ಹಾಕದ ಟೀಯನ್ನು ಕಲಕುತ್ತಲೇ ಇದ್ದರು. "ನಿಮ್ಮ ಸಿನಿಮಾಗಳನ್ನ ನೋಡಿದ್ದೀನಿ. ಏನು ಬೇಕಾದ್ರೂ ಬದಲಾಯಿಸಿ. ಕೊಡೆಯವನ ಆ ಬಳುಕೋ ನಡಿಗೆ ಮೇಲೆ ಮಾತ್ರ ಒಂದು ಜೋಕೂ ಬೇಡ. ಆ ನಡಿಗೆ ನಂದು," ಅಂದರು. ನಾನು ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ.

ಇದನ್ನು ಯಾಕೆ ಒಪ್ಪಿಕೊಂಡೆ ಅನ್ನುವುದನ್ನು ನಿನ್ನಿಂದ ಮುಚ್ಚಿಟ್ಟು ಏನಾಗಬೇಕು? ಅಪ್ಪ ನೋಡಲಿ ಅಂತ. ನೀನು ಮನೆ ಬಿಟ್ಟ ಮೇಲೆ ನಿನ್ನ ವಿಷಯ ಎತ್ತಿದರೆ ಸಾಕು, ಎದ್ದು ಕೆಳಗೆ ಹೋಗಿ ತಮ್ಮ ಡ್ರೈವಿಂಗ್ ಸ್ಕೂಲಿನ ಕಾರು ಒರೆಸುತ್ತಾರೆ. ಆ ಕಾರು ಎಷ್ಟು ಹೊಳೆಯುತ್ತಿದೆ ಅಂದರೆ ಕಲಿಯುವವರು ಹತ್ತಲು ಹೆದರುತ್ತಾರೆ. ಪುಸ್ತಕ ಓದುವವರಲ್ಲ, ಉಪದೇಶ ಕೇಳುವವರಂತೂ ಅಲ್ಲವೇ ಅಲ್ಲ. ಆದರೆ ನಾನು ಬರೆದ ಸಿನಿಮಾದ ಮೊದಲ ಆಟ ಒಂದನ್ನೂ ತಪ್ಪಿಸಿಲ್ಲ. ಹಾಗಾಗಿ ಇದು ಪ್ರಶಸ್ತಿಯ ಸಿನಿಮಾ ಆಗಬಾರದು, ಅಪ್ಪನ ಸಿನಿಮಾ ಆಗಬೇಕು. ನಗು, ಹಾಡು, ಬಿಟ್ಟು ಹೊರಟವನನ್ನು ಓಡಿಹೋಗಿ ತಡೆಯುವ ಕೊನೆಯ ಸೀನು, ಎಲ್ಲ ಇರಬೇಕು. ಮೇಷ್ಟ್ರ ಓದುಗರು ಬೈದರೆ ಬೈಯಲಿ.

ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿ.

ನಿನ್ನ ವಟವಟ ಅಕ್ಕ


ಆಗಸ್ಟ್ ೨೧

ಪ್ರೀತಿಯ ಮೊಂಡನಿಗೆ,

ಈ ಸಲವೂ ತಡ. ಬೈದುಕೊಂಡಿದ್ದರೆ ವಾಪಸು ತೆಗೆದುಕೋ. ಶೂಟಿಂಗ್ ಶುರುವಾಗಿದೆ, ಸೆಟ್ಟಿನಲ್ಲಿ ನಿಂತೇ ಮಾತು ತಿದ್ದಿಕೊಡುತ್ತಿದ್ದೇನೆ. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿಲ್ಲ.

"ಸಿನಿಮಾನ ಅಪ್ಪನಿಗೆ ಔಷಧಿ ಕುಡಿಸೋ ಹಾಗೆ ಕುಡಿಸಬೇಡ ಅಕ್ಕಾ" ಎಂದು ಬರೆದಿದ್ದೀಯ. ಸರಿ ಮಾರಾಯ, ನಾನೇನು ಮೂಗು ಹಿಡಿದು ಬಾಯಿಗೆ ಸುರಿಯುತ್ತೇನೆಯೇ? ಅವರಾಗಿಯೇ ಲೋಟ ಎತ್ತಿಕೊಳ್ಳುತ್ತಿದ್ದಾರೆ. ಹೇಗೆ ಅಂತ ಕೇಳು.

ಮೊದಲು ಹೀರೋ ಮನೆಯ ಕಥೆ. ಕೊಡೆಯವನ ಪಾತ್ರಕ್ಕೆ ನಿರ್ಮಾಪಕರು ದೊಡ್ಡ ಹೀರೋನನ್ನೇ ಕೇಳಿದರು. ನಮ್ಮಲ್ಲಿ ಪದ್ಧತಿ ಗೊತ್ತಲ್ಲ, ಬರೆದದ್ದನ್ನು ಕೊಟ್ಟರೆ ಯಾರೂ ಓದುವುದಿಲ್ಲ. ಎದುರು ಕೂತು ಇಡೀ ಸಿನಿಮಾವನ್ನು ಬಾಯಲ್ಲೇ ಆಡಿ ತೋರಿಸಬೇಕು. ಅವನೂ ನಾನೇ, ಇವನೂ ನಾನೇ, ಮಳೆಯೂ ನಾನೇ. ಹೀರೋ ಪಕ್ಕದಲ್ಲಿ ಅವನ ತಾಯಿ ಕೂತಿದ್ದರು. ಆ ಮನೆಯಲ್ಲಿ ಹೂಂ ಅನ್ನುವುದೂ ಊಹೂಂ ಅನ್ನುವುದೂ ಅವರೇ. ನಿರ್ದೇಶಕಿ, ಪಾಪ ಚಿಕ್ಕ ಹುಡುಗಿ, ಇದು ಅವಳ ಎರಡನೇ ಸಿನಿಮಾ, ಸೋಫಾದ ತುದಿಯಲ್ಲಿ ಉಗುರು ಕಚ್ಚುತ್ತಿದ್ದಳು.

ನಾನು ಮುಗಿಸಿದೆ. ಆ ತಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಬ್ರಲ್ಲಿ ಅಡುಗೆ ಯಾರು ಮಾಡೋದು?"

"ಇಬ್ರಿಗೂ ಬರಲ್ಲಮ್ಮ."

"ಹಾಗಾದ್ರೆ ಸಂಸಾರ ನಡೆಯೋದು ಹೇಗೆ? ಮೊದಲು ಅದನ್ನ ಬರೀರಿ. ಪ್ರೀತಿ ಗೀತಿ ಎಲ್ಲ ಆಮೇಲೆ." ಹೀರೋ ನಕ್ಕ, ಕೈ ಕುಲುಕಿದ. ಅಡುಗೆ ಸೀನು ಬರೆದೆ. ಪಾತ್ರೆ ತಳ ಹಿಡಿದು, ಅಕ್ಕಪಕ್ಕದವರು ಬೆಂಕಿ ಬಿದ್ದಿದೆ ಅಂತ ಓಡಿಬಂದು, ಕೊನೆಗೆ ಇಬ್ಬರೂ ಬ್ರೆಡ್ ತಿಂದು ಮಲಗುತ್ತಾರೆ.

ಇನ್ನು ಅಪ್ಪನ ವಿಷಯ. ಬರೆದದ್ದನ್ನು ಬೆಳಗ್ಗೆ ಟೀ ಹೊತ್ತಿನಲ್ಲಿ ಅಪ್ಪನಿಗೆ ಓದಿ ಹೇಳುವ ನನ್ನ ಹಳೇ ಚಾಳಿ ನಿನಗೆ ಗೊತ್ತೇ ಇದೆ. ಅವರು ನಕ್ಕರೆ ಜೋಕು ಬದುಕಿತು, ಟೀ ಊದಿಕೊಂಡು ಸುಮ್ಮನೆ ಕುಡಿದರೆ ಸತ್ತಿತು. ಈ ಸಲ ಮೊದಲೇ ಹೇಳಿಬಿಟ್ಟೆ. "ಅಪ್ಪ, ಇದು ಇಬ್ರು ಗಂಡಸರ ಪ್ರೀತಿ ಕಥೆ." ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ನಾನೂ ಹಲ್ಲು ಕಚ್ಚಿ ಮೊದಲ ಸೀನು ಓದಿ ಮುಗಿಸಿದೆ. ಅಪ್ಪ ಎದ್ದು ಕಾರು ಒರೆಸಲು ಹೋದರು.

ಮಾರನೆಯ ದಿನ ನಾನು ಸುಮ್ಮನೆ ಟೀ ಕುಡಿಯುತ್ತಿದ್ದೆ. ಪೇಪರಿನ ಹಿಂದಿನಿಂದ ದನಿ ಬಂತು. "ಆ ಕೊಡೆಯವನು ರೇಡಿಯೋ ಸ್ಟೇಷನ್ನಿಗೆ ಹೋದ್ನಲ್ಲ, ವಾಚ್‌ಮನ್ ಒಳಗೆ ಬಿಟ್ನಾ?"

ನಾನು ಓದಿದೆ. ಮೂರನೇ ದಿನಕ್ಕೆ ಪೇಪರು ಮಡಿಲಿಗೆ ಇಳಿಯಿತು. ವಾರ ಕಳೆಯುವಷ್ಟರಲ್ಲಿ ಸಲಹೆಗಳು ಶುರು. "ಆ ರೇಡಿಯೋದವನಿಗೆ ಕಾರು ಕಲಿಸೋ ಸೀನ್ ಹಾಕು. ಕೊಡೆಯವನು ಪಕ್ಕ ಕೂತು ಹೇಳಿಕೊಡಲಿ. ಒಬ್ಬರಿಗೊಬ್ಬರು ನಿಜವಾಗಿ ಆಗ್ತಾರೋ ಇಲ್ವೋ ಅನ್ನೋದು ಗೊತ್ತಾಗೋದು ಅಲ್ಲೇ. ನಾನು ಎಷ್ಟು ಗಂಡ ಹೆಂಡತಿ ನೋಡಿಲ್ಲ!" ಗಂಡ ಹೆಂಡತಿ ಅಂದರು, ಮೊಂಡ. ಅಂದದ್ದು ಅವರಿಗೇ ತಿಳಿಯಲಿಲ್ಲ. ಕ್ಲಚ್ ಯಾವಾಗ, ಬೈಗುಳ ಯಾವಾಗ ಎಂದು ಪೂರ್ತಿ ಸೀನನ್ನು ಅವರೇ ಹೇಳಿದರು, ನಾನು ಬರೆದುಕೊಂಡೆ. ಸೆಟ್ಟಿನಲ್ಲಿ ಲೈಟು ಹಿಡಿದವರೂ ನಕ್ಕು ನಕ್ಕು ಲೈಟು ಅಲ್ಲಾಡಿಸಿ, ಆ ಸೀನನ್ನು ಮತ್ತೆ ಮತ್ತೆ ತೆಗೆಯಬೇಕಾಯಿತು.

ಈಗ ನಿನ್ನನ್ನು ಒಂದು ಮಾತು ಕೇಳಬೇಕು. ಕೊನೆಯ ಭಾಗಕ್ಕೆ ಮುಂಚೆ ಜನ ಅಳಬೇಕು, ಅಳದಿದ್ದರೆ ಕೊನೆಯ ನಗು ಗಟ್ಟಿಯಾಗುವುದಿಲ್ಲ ಅನ್ನುವುದು ನಮ್ಮ ಕಸುಬಿನ ಗುಟ್ಟು. "ಕೊಡೆಯವನ ಅಪ್ಪ ಅವನನ್ನ ಮನೆಯಿಂದ ಹೊರಗೆ ಹಾಕ್ಬೇಕು," ಎಂದು ನಿರ್ದೇಶಕಿ ಹಟ ಹಿಡಿದಳು. ಪುಸ್ತಕದಲ್ಲಿ ಆ ಅಪ್ಪನೇ ಇಲ್ಲ. ಮೇಷ್ಟ್ರು ತುಂಬ ಹೊತ್ತು ಟೀ ಕಲಕಿ, "ನನಗೆ ಅದನ್ನ ಬರೆಯೋ ಧೈರ್ಯ ಆಗಿರಲಿಲ್ಲ, ನೀವು ಬರೀರಿ," ಅಂದರು. ಕೂತ ಕಡೆಯೇ ಬರೆದೆ. ಆ ಅಪ್ಪನ ಬಾಯಲ್ಲಿ ನಾನು ಕಟ್ಟಿದ ಮಾತು ಒಂದೂ ಇಲ್ಲ. ಅವತ್ತು ಬಾಗಿಲಲ್ಲಿ ನಿಂತು ನಮ್ಮಪ್ಪ ನಿನಗೆ ಆಡಿದ ಮಾತನ್ನೇ, ಅಕ್ಷರ ಬಿಡದೆ ಇಟ್ಟಿದ್ದೇನೆ. ನಾನು ಮೆಟ್ಟಿಲ ಮೇಲಿದ್ದೆ, ಎಲ್ಲ ಕೇಳಿಸಿತ್ತು.

ಆ ಸೀನೊಂದನ್ನು ಮಾತ್ರ ಅವರಿಗೆ ಓದಿ ಹೇಳಿಲ್ಲ. ಥಿಯೇಟರಿನ ಕತ್ತಲಲ್ಲಿ, ಬೇರೆಯವನ ಬಾಯಿಂದ ಕೇಳಲಿ. ಕೇಳಿದರೆ ತಾನೇ ಆಡಿದ್ದು ಅಂತ ತಿಳಿಯುತ್ತದೆ, ತಿಳಿದರೆ ನಿನಗೆ ಫೋನ್ ಮಾಡುತ್ತಾರೆ. ನನ್ನ ಆಸೆ ಇಷ್ಟೇ. ಆದರೆ ಆ ಮಾತು ಬಿದ್ದದ್ದು ನಿನ್ನ ಮೇಲೆ, ನನ್ನ ಮೇಲಲ್ಲ. ನೀನು ಬೇಡ ಅಂದರೆ ನಾಳೆಯೇ ತೆಗೆದು ಬೇರೆ ಬರೆಯುತ್ತೇನೆ, ಯಾಕೆ ಅಂತ ಕೇಳುವುದಿಲ್ಲ.

ಎಲ್ಲ ಸರಿಹೋದರೆ ಬೇಸಿಗೆ ರಜೆಗೆ ಇಬ್ಬರೂ ಬನ್ನಿ. ಮೇಲಿನ ನಿನ್ನ ರೂಮಿಗೆ ಬಣ್ಣ ಹೊಡೆಸುತ್ತೇನೆ. ಗಡ್ಡದವನಿಗೆ ಯಾವ ಬಣ್ಣ ಇಷ್ಟ, ಬರಿ.

ನಿನ್ನ ವಟವಟ ಅಕ್ಕ


ಏಪ್ರಿಲ್ ೧೭

ಪ್ರೀತಿಯ ಮೊಂಡನಿಗೆ,

ಸಿನಿಮಾ ಬಿಡುಗಡೆಯಾಗಿ ಮೂರು ವಾರವಾಯಿತು, ನಿನ್ನ ಕಾಗದಗಳೂ ಮೂರಾದವು. ಮೂರರಲ್ಲೂ ಒಂದೇ ಪ್ರಶ್ನೆ: ಅಪ್ಪ ಏನಂದ್ರು? ನಾನು ಕುಳಿತು ಬರೆಯಲಾಗದೆ ದಿನ ತಳ್ಳಿದೆ. ಕ್ಷಮಿಸು. ಆ ಸೀನಿನ ಬಗ್ಗೆ ಕೇಳಿದ್ದಕ್ಕೆ ನೀನು "ಇರಲಿ" ಅಂತ ಒಂದೇ ಪದ ಬರೆದು ಕಳಿಸಿದ್ದೆ. ಆ ಕಾಗದ ಈಗಲೂ ನನ್ನ ಚೀಲದಲ್ಲಿದೆ.

ಒಟ್ಟಿನಲ್ಲಿ ಸಿನಿಮಾ ಗೆದ್ದಿತು. ನಿರ್ಮಾಪಕರು ಈಗ ಎಲ್ಲರ ಮುಂದೆ, "ಇಬ್ಬರೂ ಗಂಡಸರೇ ಆಗಿರ್ಬೇಕು ಅಂತ ಮೊದಲ ದಿನವೇ ಹೇಳಿದ್ದೆ," ಅನ್ನುತ್ತಿದ್ದಾರೆ. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ. ಮೇಷ್ಟ್ರು ಮೊದಲ ದಿನ ಹಿಂದಿನ ಸಾಲಿನಲ್ಲಿ ಕೂತಿದ್ದರು. ಹೊರಗೆ ಬಂದು, "ನಡಿಗೆ ನಡಿಗೆಯ ಹಾಗೇ ಇತ್ತು," ಅಂತ ಹೇಳಿ, ನನ್ನ ತಲೆ ಮುಟ್ಟಿ ಹೋದರು. ಕೆಲವು ಪತ್ರಿಕೆಗಳು ಕಾದಂಬರಿಯ ಆಳ ಹೋಯಿತು, ಬರೀ ಹುಡುಗಾಟಿಕೆ ಅಂತ ಬರೆದಿವೆ. ಬರೆಯಲಿ. ಹುಡುಗಾಟಿಕೆ ಬರೆಯುವುದು ಎಷ್ಟು ಕಷ್ಟ ಅಂತ ಒಂದು ಬರೆದು ನೋಡಿದರೆ ಗೊತ್ತಾಗುತ್ತದೆ.

ಈಗ ಅಪ್ಪ. ಮೊದಲ ಆಟಕ್ಕೆ ಇಸ್ತ್ರಿ ಶರ್ಟು ಹಾಕಿಕೊಂಡು ನನಗಿಂತ ಮುಂಚೆ ಬಾಗಿಲಲ್ಲಿ ನಿಂತಿದ್ದರು. ಥಿಯೇಟರು ತುಂಬಿತ್ತು. ಅಪ್ಪನ ಕಾಲಿನ ಚಾಳಿ ನಿನಗೆ ನೆನಪಿದೆಯಲ್ಲ? ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಡೆಯ ಬ್ರೇಕು ಒತ್ತಿ ಒತ್ತಿ, ಈಗ ಎಲ್ಲಿ ಕೂತರೂ ಅಪಾಯ ಕಂಡರೆ ಕಾಲು ತಾನಾಗಿಯೇ ನೆಲ ಒತ್ತುತ್ತದೆ. ಕೊಡೆಯವನು ಬಸ್ಸಿನ ಮುಂದೆ ಓಡಿದಾಗ ಒತ್ತಿದರು. ಒಲೆಯ ಮೇಲೆ ಹೊಗೆ ಎದ್ದಾಗ ಒತ್ತಿದರು. ರೇಡಿಯೋದವನು ಮುನಿಸಿಕೊಂಡು ಬ್ಯಾಗು ತುಂಬಿದಾಗಲೂ ಒತ್ತಿದರು. ಕಾರು ಕಲಿಸುವ ಸೀನಿನಲ್ಲಂತೂ ಒಂದು ಕಡೆ ಬ್ರೇಕು, ಇನ್ನೊಂದು ಕಡೆ ಹೊಟ್ಟೆ ಹಿಡಿದುಕೊಂಡು ನಗು. ಮುಂದಿನ ಸಾಲಿನ ಅಪರಿಚಿತನ ಭುಜ ತಟ್ಟಿ, "ಈ ಸೀನ್ ನಂದು!" ಅಂದರು.

ಕೊನೆಯಲ್ಲಿ ಕೊಡೆಯವನ ಅಪ್ಪ ಒಂದು ಮುರುಕು ಕೊಡೆ ಹಿಡಿದು ಅಂಗಡಿಗೆ ಬರುತ್ತಾನೆ. ಕ್ಷಮಿಸು ಅಂತ ಹೇಳುವುದಿಲ್ಲ. "ಇದು ರಿಪೇರಿ ಆಗುತ್ತಾ?" ಅನ್ನುತ್ತಾನೆ. ಮಗ, "ಎರಡು ದಿನ ಬಿಟ್ಟು ಬನ್ನಿ," ಅನ್ನುತ್ತಾನೆ. ಅಪ್ಪ, "ಇಲ್ಲೇ ಕೂತಿರ್ತೀನಿ," ಅನ್ನುತ್ತಾನೆ. ನಮ್ಮ ಅಪ್ಪ ಕರ್ಚೀಫು ತೆಗೆದು ಗೊಳೋ ಎಂದು ಅತ್ತರು, ಮೊಂಡ. ಅಮ್ಮ ಹೋದಾಗಲೂ ನಾನು ಹಾಗೆ ನೋಡಿರಲಿಲ್ಲ. ನಾನೂ ಅತ್ತೆ. ಆಯಿತು, ಗೆದ್ದೆ ಅಂದುಕೊಂಡೆ.

ಆಮೇಲೆ ಇನ್ನೆರಡು ಸಲ ನೋಡಿದ್ದಾರೆ. ಕಾರು ಕಲಿಯುವವರನ್ನೆಲ್ಲ ಕರೆದುಕೊಂಡು ಹೋಗಿದ್ದರು. ಆ ಇಬ್ಬರನ್ನೂ "ನಮ್ಮ ಹುಡುಗ್ರು" ಅನ್ನುತ್ತಾರೆ. ಪಕ್ಕದ ಔಷಧಿ ಅಂಗಡಿಯವನು ಏನೋ ಕೊಂಕು ಆಡಿದ್ದಕ್ಕೆ, "ಅವರ ಪಾಡಿಗೆ ಅವರು ಸುಖವಾಗಿದ್ರೆ ನಿಮಗೇನ್ರೀ ಹೊಟ್ಟೆಯುರಿ?" ಎಂದು ರಸ್ತೆಯಲ್ಲೇ ದಬಾಯಿಸಿ, ಈಗ ತಲೆನೋವಿನ ಮಾತ್ರೆಗೂ ಎರಡು ಬೀದಿ ದಾಟಿ ಹೋಗುತ್ತಿದ್ದಾರೆ.

ಮೇಲಿನ ರೂಮಿಗೆ ಬಣ್ಣ ಹೊಡೆಸಿದ್ದೇನೆ, ಗಡ್ಡದವನು ಕೇಳಿದ ತಿಳಿಹಸಿರೇ. ಬಣ್ಣದವನ ಜೊತೆ ನಿಂತು ಗೋಡೆ ಉಜ್ಜಿಸಿದ್ದು ಅಪ್ಪನೇ. ಯಾರಿಗೆ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಗಡ್ಡದವನಿಗೆ ನನ್ನ ಆಶೀರ್ವಾದ. ಬೆನ್ನಿಗೆ ಬಿಸಿನೀರಿನ ಚೀಲ ಇಡುವುದನ್ನು ಬಿಡಬೇಡ ಅನ್ನು. ನೀನು ಕೋಪ ಮಾಡಿಕೊಂಡು ಊಟ ಬಿಡಬೇಡ. ಇಬ್ಬರೂ ನೂರು ಕಾಲ ಹೀಗೇ ಕಚ್ಚಾಡಿಕೊಂಡು ಚೆನ್ನಾಗಿರಿ.

ನಿನ್ನ ವಟವಟ ಅಕ್ಕ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನೀನು ಕೇಳಿದ್ದಕ್ಕೆ ನಾನು ಇನ್ನೂ ಉತ್ತರ ಹೇಳಿಲ್ಲ.

ಆ ಸೀನು ಬಂದಾಗ ನಾನು ಪರದೆ ನೋಡಲಿಲ್ಲ, ಅಪ್ಪನನ್ನು ನೋಡುತ್ತಿದ್ದೆ. ಕೊಡೆಯವನ ಅಪ್ಪ ಬಾಗಿಲಲ್ಲಿ ನಿಂತು, "ಚಪ್ಪಲಿನೂ ತಗೊಂಡು ಹೋಗು. ಇಲ್ಲಿ ಬಿದ್ದಿದ್ರೆ, ಬಂದೋರು ನೀನಿನ್ನೂ ಇದ್ದೀಯ ಅಂದ್ಕೋತಾರೆ," ಅಂದ. ಅಪ್ಪನ ಕಾಲನ್ನೇ ನೋಡುತ್ತಿದ್ದೆ. ಅದು ಅಲ್ಲಾಡಲಿಲ್ಲ.

ಮನೆಗೆ ಬಂದು ಟೀ ಕುಡಿಯುತ್ತ ಎಲ್ಲ ಹೊಗಳಿದರು. ಆಮೇಲೆ ನಾನು ಬೇಜಾರು ಮಾಡಿಕೊಳ್ಳಬಾರದು ಅನ್ನುವ ಹಾಗೆ ಮೆಲ್ಲಗೆ ಹೇಳಿದರು: "ಒಂದೇ ಒಂದು ಕಡೆ ಎಡವಿದ್ದೀಯ ನೋಡು. ಆ ಚಪ್ಪಲಿ ಮಾತು. ಅದು ಸುಳ್ಳು ಅನ್ನಿಸ್ತು. ಎಷ್ಟೇ ಕೋಪ ಬಂದ್ರೂ ಹೆತ್ತ ಮಗನಿಗೆ ಯಾವ ಅಪ್ಪ ಹಾಗಂತಾನೆ? ನನ್ನನ್ನ ಒಂದು ಮಾತು ಕೇಳಿದ್ದಿದ್ರೆ ಸರಿಮಾಡಿ ಕೊಡ್ತಿದ್ದೆ."

ನಾಟಕವಲ್ಲ, ಮೊಂಡ. ಅವರ ಮುಖ ನಾನು ಚೆನ್ನಾಗಿ ಬಲ್ಲೆ. ನೀನು ಇಷ್ಟು ವರ್ಷ ಹೊತ್ತು ತಿರುಗಿದ ಮಾತು ಅವರಿಗೆ ನೆನಪೇ ಇಲ್ಲ. ಅವರ ತಲೆಯಲ್ಲಿ ನೀನು ನಿನ್ನ ಪಾಡಿಗೆ ಹೊರಟುಹೋದವನು. "ನಿನ್ನದೇ ಅಪ್ಪಾ ಆ ಮಾತು" ಅನ್ನಲು ಬಾಯಿ ತೆರೆದೆ. ಆಗಲಿಲ್ಲ. ಅದನ್ನು ಹೇಳುವ ಹಕ್ಕು ನಿನ್ನದು ಅನ್ನಿಸಿತು. ಅವರು ಫೋನ್ ಮಾಡುವುದಿಲ್ಲ, ಕಾಯಬೇಡ.

ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಬಣ್ಣ ಒಣಗಿದೆ. ಬಂದರೆ ಚಪ್ಪಲಿ ಮೇಲೆ ತರಬೇಡಿ, ಬಾಗಿಲಲ್ಲೇ ಬಿಡಿ, ನಾಲ್ಕೂ.